ಕೇಶ್ವಾಪುರದ ತವರು

“ಹೆಣ್ಣಿನ ಮ್ಯಾಲೆ ಕೈ ಎತ್ತೂದು ಗಂಡಸ್ತನ ಅಲ್ಲೋ ತಮ್ಮಾ... ಅಕೀನೂ ಒಬ್ಬರ ಮಗಳು!”

ಪಡಸಾಲೆಯಿಂದ ಗಂಡ ಯಂಕಣ್ಣನ ದನಿ ಕೇಳಿ, ಅಡಿಗೆಮನೆಯಲ್ಲಿ ಚಹಾ ಸೋಸುತ್ತಿದ್ದ ಸತ್ಯವ್ವನ ಲಕ್ಷ್ಯ ತಪ್ಪಿತು. ಬಿಸಿ ಚಹಾ ಬೆರಳಿನ ಮೇಲೆ ಚೆಲ್ಲಿತು. ಆದರೂ ಅವಳು ‘ಹಾ’ ಎನ್ನಲಿಲ್ಲ. ನೋವಾದರೂ ಬಾಯಿ ಬಿಡದೆ ಇರುವುದನ್ನು ಅವಳು ಕಲಿತು ಬಹಳ ದಿನವಾಗಿತ್ತು. ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಲಗೈಯೊಂದರಿಂದಲೇ ಕಪ್ಪುಗಳನ್ನು ತಾಟಿನಲ್ಲಿ ಜೋಡಿಸಿದಳು. ಆ ಎಡಗೈ ಭುಜದಿಂದ ಮೊಣಕೈವರೆಗೆ ಬಾತು, ಕುಪ್ಪಸದ ತೋಳು ಬಿಗಿದು ಹಿಡಿದಿತ್ತು. ಮೊನ್ನೆ ಧಾರವಾಡದ ಬಾಡಿಗೆ ಮನೆಯಲ್ಲಿ, ಕಚೇರಿಯ ಸಾಹೇಬರು ಬೈದರೆಂಬ ಸಿಟ್ಟನ್ನು ಇದೇ ಯಂಕಣ್ಣ ಇದೇ ಕೈಯ ಮೇಲೆ ತೀರಿಸಿಕೊಂಡಿದ್ದ. ಕೈಯನ್ನು ಹಿಂದಕ್ಕೆ ತಿರುವಿ, ಬಾಗಿಲಿಗೆ ಒತ್ತಿ ಹಿಡಿದು, “ಚೀರಿದಿ ಅಂದ್ರ ನೋಡು!” ಎಂದಿದ್ದ. ಈಗ ನೋಡಿದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಇನ್ನೊಬ್ಬರ ಗಂಡನಿಗೆ ಬುದ್ಧಿ ಹೇಳುತ್ತಿದ್ದಾನೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ!

ಅದು ನೆಹರೂ ತೀರಿಕೊಂಡ ವರ್ಷದ ಶ್ರಾವಣ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಸಾವಂತ್ರೆವ್ವನ ಮನೆ ಯಾವುದೆಂದು ಕೇಳಿದರೆ ಯಾರೂ ನಂಬರು ಹೇಳುತ್ತಿರಲಿಲ್ಲ. “ತವರಮನಿ ಕೇಳ್ತೀರೇನು? ಅಗೋ ಅಲ್ಲೈತಿ,” ಎಂದು ಬೆರಳು ಮಾಡುತ್ತಿದ್ದರು. ಸಾವಂತ್ರೆವ್ವ ಸತ್ಯವ್ವನ ಅತ್ತೆ, ಯಂಕಣ್ಣನ ತಾಯಿ. ರೈಲ್ವೆಯಲ್ಲಿದ್ದ ಗಂಡ ಗಂಗಪ್ಪ ಜ್ವರದಲ್ಲಿ ತೀರಿಕೊಂಡಾಗ ಅವಳಿನ್ನೂ ಗಟ್ಟಿಮುಟ್ಟಾಗಿದ್ದಳು. ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಆಯಾ ಆಗಿ ದುಡಿದು ಒಬ್ಬನೇ ಮಗನನ್ನು ಓದಿಸಿ, ಧಾರವಾಡದಲ್ಲಿ ಸರಕಾರಿ ಕುರ್ಚಿಯ ಮೇಲೆ ಕೂರಿಸಿದಳು. ತಮ್ಮ ಓಣಿಯವರು ಕಚೇರಿಯ ಮೆಟ್ಟಿಲು ಹತ್ತುವುದೇ ಆಗಷ್ಟೇ ಶುರುವಾಗಿದ್ದ ಕಾಲ. ಮಗ ಪ್ಯಾಂಟು ತೊಟ್ಟು ಬಂದನೆಂದರೆ ಆ ತಾಯಿಯ ಮುಖ ನೋಡಬೇಕಿತ್ತು!

ಈ ‘ತವರಮನೆ’ಯ ಸಂಗತಿ ಶುರುವಾದದ್ದು ಒಂದು ಸುಳ್ಳಿನಿಂದ. ಯಾರದೋ ಸೊಸೆ, ಹಣೆಯೊಡೆದ ರಕ್ತ ಒರೆಸಿಕೊಳ್ಳುತ್ತ ಬಂದು ಸಾವಂತ್ರೆವ್ವನ ಕಟ್ಟೆಯ ಮೇಲೆ ಕುಸಿದಿದ್ದಳು. ಹಿಂದೆಯೇ ಗಂಡ ಬಡಿಗೆ ಹಿಡಿದು ಬಂದ. ಪೋಲೀಸ ಚೌಕಿಗೆ ಹೋದರೂ ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂದು ಗಾದೆ ಹೇಳಿ ಕಳಿಸುತ್ತಿದ್ದ ದಿನಗಳವು. ಸಾವಂತ್ರೆವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ, “ಈಕಿ ನನ್ನ ಮಗಳದಾಳ! ಉಡಿ ತುಂಬೇನಿ. ಕರಕೊಂಡು ಹೋಗೂದಿದ್ರ ಹಿರ್ಯಾರ್ನ ಜೋಡಿ ಮಾಡಿಕೊಂಡು ಬಾ!” ಎಂದುಬಿಟ್ಟಳು. ಆ ಮನುಷ್ಯ ಬಡಿಗೆ ಕೆಳಗಿಳಿಸಿದ. ಯಾರ ಜೊತೆಯಾದರೂ ಹೊಡೆದಾಡಿಯಾನು, ಆದರೆ ಹೆಂಡತಿಯ ತವರಿನ ಬಾಗಿಲಲ್ಲಿ ಅತ್ತೆಯ ಎದುರು ಬಡಿಗೆ ಎತ್ತುವುದು ಹೇಗೆ? ಅವನಿಗೆ ಅದು ಗೊತ್ತಿರಲಿಲ್ಲ. ಬಡಿಗೆ ಬೆನ್ನ ಹಿಂದೆ ಹಿಡಿದು ತಿರುಗಿ ಹೋದ.

ಮಾತು ಆಡಿದ ಮೇಲೆ ನಡೆಸಬೇಕಲ್ಲ! ಆದರೆ ಸಾವಂತ್ರೆವ್ವ ಗಂಡ ಸತ್ತವಳು, ಅವಳು ಉಡಿ ತುಂಬುವಂತಿಲ್ಲ. ಪಕ್ಕದ ಮನೆಯ ರೆಹಮತ್‌ಬಿಯನ್ನು ಕೂಗಿದಳು. ಟೇಲರ್ ಉಸ್ಮಾನಸಾಬನ ಹೆಂಡತಿ, ಕೈತುಂಬ ಹಸಿರು ಬಳೆ, ಗಂಡ ಗುಂಡುಕಲ್ಲಿನಂತೆ ಇದ್ದಾನೆ. “ನಾ ತುಂಬಿದ್ರ ನಡೀತೈತೇನ ಅಕ್ಕಾ?” ಎಂದು ರೆಹಮತ್‌ಬಿ ಅನುಮಾನಿಸಿದರೆ, “ಯಾಕ ನಡ್ಯೂದಿಲ್ಲ? ಅಕ್ಕಿಗೇನು ಜಾತಿ ಐತೇನು?” ಎಂದು ಸಾವಂತ್ರೆವ್ವ ಬೈದಳಂತೆ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಎಲೆ ಅಡಿಕೆ, ಮೇಲೊಂದು ಖಣ... ಆ ಹೆಣ್ಣು ಎರಡೂ ಕೈಯಿಂದ ಸೆರಗೊಡ್ಡಿ ಉಡಿ ತುಂಬಿಸಿಕೊಂಡು, ಗೋಡೆಗೊರಗಿ, ಗೋಳೋ ಎಂದು ಅತ್ತಳು.

ಅಂದಿನಿಂದ ಅದೇ ಪದ್ಧತಿಯಾಯಿತು. ಹೊಡೆತ ತಿಂದ ಹೆಣ್ಣುಮಕ್ಕಳು ಬರುತ್ತಿದ್ದರು. ಕಾಯಿಪಲ್ಲೆ ಮಾರುವವರು, ನೀರಿನ ನಳದ ಹತ್ತಿರ ನಿಂತವರು ಒಬ್ಬರಿಂದೊಬ್ಬರಿಗೆ ಹೇಳಿಕೊಂಡು, “ನಿನಗ ಯಾರೂ ಇಲ್ಲ ಅಂತ ತಿಳೀಬ್ಯಾಡ, ಕೇಶ್ವಾಪುರದಾಗ ನಿನ್ನ ತವರ ಐತಿ,” ಎಂಬ ಮಾತು ಊರಾಚೆಯ ಗಬ್ಬೂರಿನವರೆಗೂ ಮುಟ್ಟಿತ್ತು. ಬಂದವಳನ್ನು ಸಾವಂತ್ರೆವ್ವ ಏನೂ ಕೇಳುತ್ತಿರಲಿಲ್ಲ. ಮೊದಲು ನೀರು, ಆಮೇಲೆ ರೊಟ್ಟಿ, ಆಮೇಲೆ ಉಡಿ. ಉಡಿ ತುಂಬಿತೆಂದರೆ ಅವಳು ಆ ಮನೆಯ ಮಗಳು, ಅವಳ ಗಂಡ ಅಳಿಯ. ಅಳಿಯ ಹಿರಿಯರ ಸಂಗಡ ಬಂದು, ಹೊರಗೆ ನಿಂತು, ಕರೆದರೆ ಒಳಗೆ ಬರಬೇಕು. ಎಲ್ಲರೆದುರು ಉತ್ತರ ಕೊಡಬೇಕು. ಮಗಳು ಹೋಗುತ್ತೇನೆಂದರೆ ಹೋಗುವಳು, ಒಲ್ಲೆನೆಂದರೆ ಇರುವಳು. ಬಡ ಮನೆ ನೋಡಿ, ಉಡಿಯ ಅಕ್ಕಿಯೇ ಎಷ್ಟೋ ಸಲ ಆ ಹೊತ್ತಿನ ಅನ್ನವಾಗುತ್ತಿತ್ತು, ಕೊಬ್ಬರಿ ಚಟ್ನಿಯಾಗುತ್ತಿತ್ತು. ಖಣವನ್ನು ಉಸ್ಮಾನಸಾಬ ಪುಕ್ಕಟೆ ಹೊಲಿದು ಕೊಡುತ್ತಿದ್ದ.

ರವಿವಾರ ರವಿವಾರ ಧಾರವಾಡದಿಂದ ಮಗ ಸೊಸೆ ಬರುತ್ತಿದ್ದರು. ಓದಿದ ಮಗ ಪಕ್ಕದಲ್ಲಿ ಕೂತರೆ ಬಂದ ಗಂಡಸರು ಸ್ವಲ್ಪ ಬಗ್ಗುತ್ತಾರೆಂದು ಸಾವಂತ್ರೆವ್ವ ಅವನನ್ನೇ ಜಮಖಾನೆಯ ಮೇಲೆ ಕೂರಿಸುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇವಳ ಹೆಗ್ಗಣವಂತೂ ಬಾಯಲ್ಲಿ ಬಂಗಾರದಂಥ ಮಾತಾಡುತ್ತಿತ್ತು.

ಸತ್ಯವ್ವ ಹೇಳಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದಿದ್ದಳೋ! ಅವಳ ನಿಜವಾದ ತವರು ಉಪ್ಪಿನಬೆಟಗೇರಿ. ಅಲ್ಲಿ ತಂದೆ ತಾಯಿ ಇಲ್ಲ, ಇದ್ದ ಅಣ್ಣ ಹೆಂಡತಿಯ ಮಾತು ಮೀರುವವನಲ್ಲ. ಇನ್ನುಳಿದದ್ದು ಅತ್ತೆ. ಆದರೆ ಮೊದಲ ಸಲ ಹೊಡೆದ ದಿನವೇ ಯಂಕಣ್ಣ ಅವಳ ಗಲ್ಲ ಹಿಡಿದೆತ್ತಿ ಮೆಲ್ಲಗೆ ಹೇಳಿದ್ದ:

“ಅವ್ವಗ ಹೇಳ್ತಿ? ಹೇಳು. ಸ್ವಂತ ಮಗಾನ ಹೇಂತೀನ ಬಡೀತಾನ ಅಂತ ಊರಿಗೆಲ್ಲಾ ಗೊತ್ತಾಗಲಿ. ಆಮ್ಯಾಲ ಯಾವ ಗಂಡಸು ಅಕಿ ಮಾತು ಕೇಳ್ತಾನ? ಅಕಿ ಬಾಗಲಾ ಮುಚ್ಚತೈತಿ. ಅಲ್ಲಿಗೆ ಬರೂ ಹೆಣ್ಣಮಕ್ಕಳ ಪಾಪ ನಿನ್ನ ತಲೀ ಮ್ಯಾಲೆ!”

ಆ ಮಾತು ಹೊಡೆತಕ್ಕಿಂತ ಆಳಕ್ಕೆ ಇಳಿದಿತ್ತು. ಅವಳು ಆ ಹೆಣ್ಣುಮಕ್ಕಳನ್ನು ಕಣ್ಣಾರೆ ಕಂಡವಳು. ತಾನೊಬ್ಬಳು ಸಹಿಸಿದರೆ ಅವರೆಲ್ಲರಿಗೂ ಒಂದು ಬಾಗಿಲು ಉಳಿಯುತ್ತದೆ... ಹಾಗೆಂದು ಹಲ್ಲು ಕಚ್ಚಿದಳು. ಎಂಥ ಮಗಳಪ್ಪ! ಎಷ್ಟು ದೊಡ್ಡ ಮನಸ್ಸು, ಎಂಥ ತಪ್ಪು ಲೆಕ್ಕ!

ಆ ವಾರ ಬಂದು ಉಳಿದಿದ್ದವಳು ಕಾಶೀಬಾಯಿ. ಹತ್ತಿ ಪೇಟೆಯಲ್ಲಿ ಹಮಾಲಿ ಮಾಡುವ ಮೈಲಾರಪ್ಪನ ಹೆಂಡತಿ. ಮೈಲಾರಪ್ಪ ಇಬ್ಬರು ಹಿರಿಯರ ನಡುವೆ ತಲೆ ತಗ್ಗಿಸಿ ಕೂತಿದ್ದ. ಯಂಕಣ್ಣನ ಉಪದೇಶ ಮುಗಿದು, ಸತ್ಯವ್ವ ಚಹಾ ಕೊಟ್ಟದ್ದಾಯಿತು. ಕಾಶೀಬಾಯಿ ಬಂದ ದಿನ ರೆಹಮತ್‌ಬಿ ಊರಲ್ಲಿರಲಿಲ್ಲವಾಗಿ ಉಡಿ ತುಂಬುವುದು ಉಳಿದಿತ್ತು. ಈಗ ಎಲ್ಲರೆದುರೇ ಆಗಲಿ ಎಂದು ಸಾವಂತ್ರೆವ್ವ ಮೊರದಲ್ಲಿ ಅಕ್ಕಿ ತಂದಿಟ್ಟಳು. ರೆಹಮತ್‌ಬಿ ಕಾಶೀಬಾಯಿಯ ಉಡಿ ತುಂಬಿ, ಕಣ್ಣೊರೆಸಿ, ಆಮೇಲೆ ಬಾಗಿಲಲ್ಲಿ ನಿಂತಿದ್ದ ಸತ್ಯವ್ವನತ್ತ ನೋಡಿ ನಕ್ಕಳು.

“ಮನಿ ಸೊಸಿ ಮುತ್ತೈದಿ ನಿಂತಾಳ, ಅಕೀನ ಬಿಡೂದೇನು? ಬಾ ಬೇಟಿ, ಉಡಿ ಹಿಡಿ.”

ಸತ್ಯವ್ವ ಎಡಗೈಯನ್ನು ಸೆರಗಿನೊಳಗೆ ಇನ್ನಷ್ಟು ಎಳೆದುಕೊಂಡಳು. ಉಡಿಯನ್ನು ಒಲ್ಲೆ ಎನ್ನುವಂತಿಲ್ಲ, ಅಪಶಕುನ. ಒಂದೇ ಕೈಯಿಂದ ಒಡ್ಡುವಂತಿಲ್ಲ, ಅದೂ ಅಪಶಕುನ. ಕೂತಳು. ಬಲಗೈಯಿಂದ ಸೆರಗಿನ ಒಂದು ತುದಿ ಹಿಡಿದಳು. ಎಡಗೈಯನ್ನು ಎತ್ತಲು ನೋಡಿದಳು... ಏಳಲಿಲ್ಲ ಅದು. ಹಣೆಯ ಮೇಲೆ ಬೆವರು ಬಂತು. ರೆಹಮತ್‌ಬಿಯ ಬೊಗಸೆಯಿಂದ ಅಕ್ಕಿ ಬಿದ್ದದ್ದೇ ತಡ, ಜೋತುಬಿದ್ದ ಸೆರಗಿನ ಮೇಲಿಂದ ಜಾರಿ ನೆಲದ ತುಂಬ ಚೆಲ್ಲಿತು.

“ಹಾಂ! ಏನಿದು ಸತ್ಯವ್ವಾ! ಉಡಿ ಅಕ್ಕಿ ಚೆಲ್ಲತಾರೇನು?” ಎಂದು ಗದರಿಸಿದ ಸಾವಂತ್ರೆವ್ವ, ಸೊಸೆಯ ಮುಖ ನೋಡಿದಳು. ಆಮೇಲೆ ತೋಳು ನೋಡಿದಳು.

“ಬಾವಿ ಹಂತ್ಯಾಕ ಕಾಲು ಜಾರಿ ಬಿದ್ಲವ್ವಾ ಮೊನ್ನೆ,” ಎಂದ ಯಂಕಣ್ಣ ಚಹಾ ಕುಡಿಯುತ್ತ, ಯಾರೂ ಕೇಳದಿದ್ದರೂ.

ಸಾವಂತ್ರೆವ್ವ ಮಗನ ಕಡೆಗೆ ನೋಡಲಿಲ್ಲ. “ಒಂದು ಗಳಿಗಿ ಕೂಡ್ರಿ ಎಲ್ಲಾರೂ,” ಎಂದು ಸೊಸೆಯ ಬಲಗೈ ಹಿಡಿದು ಅಡಿಗೆಮನೆಗೆ ಕರೆತಂದು ಬಾಗಿಲು ಮುಂದೆ ಮಾಡಿದಳು. ಕುಪ್ಪಸದ ತೋಳನ್ನು ಮೆಲ್ಲಗೆ ಸರಿಸಿದಳು. ನೀಲಿಗಟ್ಟಿದ ಚರ್ಮದ ಮೇಲೆ ನಾಲ್ಕು ಬೆರಳು ಎದ್ದು ಕಾಣುತ್ತಿದ್ದವು.

“ಬಾವಿಗೆ ಬೆರಳು ಇರತಾವೇನವ್ವಾ?” ಎಂದು ಕೇಳಿದಳು. “ಖರೇ ಹೇಳು.”

“ಬಿದ್ದೇನ್ರಿ ಅತ್ತಿ...”

“ಈ ಮನಿಗೆ ಬಂದಾರೆಲ್ಲಾ ಮೊದಲು ಬಿದ್ದೇನೀ ಅಂತನ ಅಂದಾರ. ನನ್ನ ಕಣ್ಣಾಗ ಕಣ್ಣಿಟ್ಟು ಹೇಳು. ಅಂವನ?”

ಸತ್ಯವ್ವನ ದುಃಖದ ಕಟ್ಟೆಯೊಡೆಯಿತು. ಅತ್ತೆಯ ಕಾಲ ಬಳಿ ಕುಸಿದು, ಸೆರಗು ಬಾಯಲ್ಲಿ ತುರುಕಿಕೊಂಡು, ಸದ್ದು ಹೊರಗೆ ಕೇಳದಂತೆ ಬಿಕ್ಕಿದಳು. “ಯಾರಿಗೂ ಹೇಳಬ್ಯಾಡ್ರಿ ಅತ್ತಿ... ನಿಮ್ಮ ಕಾಲು ಬೀಳ್ತೇನಿ... ನಾ ಹ್ಯಾಂಗರ ತಡಕೋತೇನಿ. ಇದು ಹೊರಗ ಗೊತ್ತಾದ್ರ ಮಂದಿ ನಿಮಗ ಉಗುಳತಾರ. ನಿಮ್ಮ ಬಾಗಲಾ ಮುಚ್ಚತೈತಿ. ಕಾಶೀಬಾಯಿ ಅಂಥಾಕಿ ಆಮ್ಯಾಲ ಎಲ್ಲಿಗೆ ಹೋಗಬೇಕ್ರಿ?”

ಸಾವಂತ್ರೆವ್ವ ಒಲೆಯ ಪಕ್ಕದಲ್ಲಿ ಕೂತುಬಿಟ್ಟಳು. ಆ ಮುಖದ ಮೇಲೆ ಏನೇನು ಹಾದುಹೋಯಿತೋ ಸತ್ಯವ್ವ ಕಂಡಳು. ಹಸಿದ ಹೊಟ್ಟೆಗೆ ಬಟ್ಟೆ ಕಟ್ಟಿ ಬೆಳೆಸಿದ ಮಗ! ಅವನ ಫೀ ಕಟ್ಟಲು ಕೈಯ ಬೆಳ್ಳಿ ಕಡಗ ಮಾರಿದ ತಾಯಿ! ಒಂದು ಕ್ಷಣ, ಒಂದೇ ಕ್ಷಣ, ಆ ಕಣ್ಣುಗಳು ‘ಸುಮ್ಮನಿದ್ದುಬಿಡಲೇ?’ ಎಂದು ಕೇಳಿಕೊಂಡವು. ಪಡಸಾಲೆಯಲ್ಲಿ ಯಂಕಣ್ಣ ಯಾರಿಗೋ ಏನೋ ಹೇಳಿ ನಗುವುದು ಕೇಳಿಸಿತು. ಮುದುಕಿ ಎದ್ದು ನಿಂತಳು.

“ಬಾಗಲಾ ನಂದಲ್ಲ ಸತ್ಯವ್ವಾ, ನಿನ್ನಂಥಾಕೀದು. ನೀನ ಹೊರಗ ನಿಂತಮ್ಯಾಲ ಅದನ್ನ ತಕ್ಕೊಂಡು ನಾ ಏನು ಮಾಡ್ಲಿ? ಹಾಳು ಗ್ವಾಡಿಗೆ ಹಚ್ಚಲೇನು?” ಎಂದಳು. “ನಡಿ ಹೊರಗ. ನಿನಗ ಮನಸಿದ್ರ ಮಾತ್ರ ನಡಿ.”

ಸತ್ಯವ್ವ ಕಣ್ಣೊರೆಸಿಕೊಂಡಳು. ಎದ್ದು ನಡೆದಳು.

ಪಡಸಾಲೆಯ ನಡುವೆ ಸೊಸೆಯನ್ನು ಕೂರಿಸಿ, ಸಾವಂತ್ರೆವ್ವ ಅವಳ ಸೆರಗಿನ ಎಡತುದಿಯನ್ನು ತಾನೇ ಹಿಡಿದಳು. ಬಲತುದಿ ಸತ್ಯವ್ವನ ಕೈಯಲ್ಲಿತ್ತು. ರೆಹಮತ್‌ಬಿ ಅಕ್ಕಿಗೆ ಕೈ ಹಾಕಲು ಬಂದಾಗ ಅವಳನ್ನು ತಡೆದಳು.

“ನೀ ಬ್ಯಾಡ ರೆಹಮತ್‌ಬಿ. ಇದು ನನ್ನ ಕೈಲೇ ಆಗಬೇಕು.”

“ಸಾವಂತ್ರೆವ್ವಾ!” ಹಿರಿಯನೊಬ್ಬ ಅರೆ ಎದ್ದ. “ಗಂಡ ಸತ್ತಾಕಿ ನೀನು! ಮುತ್ತೈದಿ ಉಡಿ ಮುಟ್ಟಬಾರದು!”

“ಗೊತ್ತೈತ್ರಿ. ಇಷ್ಟು ವರ್ಷ ಮುಟ್ಟಿಲ್ಲ.” ಅವಳು ಸೊಸೆಯ ಕಡೆಗೆ ತಿರುಗಿದಳು. “ನನ್ನ ಕೈ ನಡೀತೈತೇನು ನಿನಗ?”

ಇಡೀ ಪಡಸಾಲೆ ಸತ್ಯವ್ವನನ್ನು ನೋಡುತ್ತಿತ್ತು. ಯಂಕಣ್ಣನ ಕಣ್ಣು ‘ಬೇಡ’ ಎಂದು ಕೆಂಪಗೆ ಉರಿಯುತ್ತಿತ್ತು. ಅವಳು ಆ ಕಣ್ಣುಗಳನ್ನು ನೋಡಿದಳು, ಆಮೇಲೆ ಅತ್ತೆಯ ಬೋಳು ಹಣೆಯನ್ನು ನೋಡಿದಳು.

“ತುಂಬ್ರಿ,” ಎಂದಳು.

ಸಾವಂತ್ರೆವ್ವನ ಒಂಟಿ ಕೈ ಹಿಡಿ ಹಿಡಿಯಾಗಿ ಅಕ್ಕಿ ಸುರಿಯಿತು. ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಎಲೆ ಅಡಿಕೆ. ಈ ಸಲ ಒಂದು ಕಾಳೂ ಕೆಳಗೆ ಬೀಳಲಿಲ್ಲ. ಮುಗಿಸಿ, ಸೊಸೆಯ ತಲೆಯ ಮೇಲೆ ಕೈಯಿಟ್ಟು, ಮಗನ ಕಡೆಗೆ ತಿರುಗಿದಳು.

“ಇವತ್ತಿಂದ ಈಕಿ ನನ್ನ ಮಗಳು. ನೀ ಈ ಮನಿ ಅಳಿಯ. ಏಳು, ಜಮಖಾನಿ ಮ್ಯಾಲಿಂದ ಏಳು! ಅಳಿಯ ಆದಾಂವ ಕರೀದ ಒಳಗ ಬಂದು ಕೂಡಂಗಿಲ್ಲ ಈ ಮನ್ಯಾಗ.”

“ಅವ್ವಾ! ಹುಚ್ಚು ಹಿಡೀತೇನು ನಿನಗ? ಮಂದಿ ಮುಂದ...”

“ಮಂದಿ ಮುಂದನ ಮೈಲಾರಪ್ಪಗ ಬುದ್ಧಿ ಹೇಳಿದ್ಯಲ್ಲಾ! ಅಂವ ತಲಿ ಕೆಳಗ ಹಾಕಿಕೊಂಡು ಕೇಳಿದಾ. ನೀ ಕೇಳು ಈಗ. ಈ ಕೈ ಯಾರು ತಿರುವಿದ್ರು?”

ಯಂಕಣ್ಣ ಎದ್ದು ನಿಂತ. ಮುಖ ಕಪ್ಪಿಟ್ಟಿತ್ತು. “ನಾ ನಿನ್ನ ಹೊಟ್ಟ್ಯಾಗ ಹುಟ್ಟಿದಾಂವ! ಎಲ್ಲಿಂದೋ ಬಂದ ಹೆಣ್ಣಿನ ಸಲುವಾಗಿ ನನ್ನ ಹೊರಗ ಹಾಕ್ತಿ?”

“ನನ್ನ ಹೊಟ್ಟ್ಯಾಗ ಹುಟ್ಟಿದಿ ಅಂತನ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗೇತೋ ನನಗ...” ಸಾವಂತ್ರೆವ್ವ ಬಾಗಿಲ ಕಡೆಗೆ ಬೆರಳು ಮಾಡಿದಳು. “ಹೋಗು. ತಪ್ಪು ತಿಳಿದ ದಿನ ಹಿರ್ಯಾರ ಜೋಡಿ ಬಾ. ಅಕಿ ಬರತೇನಿ ಅಂದ್ರ ಕರಕೊಂಡು ಹೋಗು. ಒಲ್ಲೆ ಅಂದ್ರ ಕೈ ಮುಗದು ಹೋಗು.”

“ನಾ ಹೋದ್ರ ಹೋದಂಗ! ನಿನ್ನ ಮಣ್ಣಿಗೂ ಬರೂದಿಲ್ಲ, ತಿಳ್ಕೋ!”

ಚಪ್ಪಲಿ ಮೆಟ್ಟಿ ಅವನು ಓಣಿಗಿಳಿದ. ತಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವನು ತಿರುವಿನಲ್ಲಿ ಮರೆಯಾಗುವವರೆಗೆ ನಿಂತೇ ಇದ್ದಳು. ಆಮೇಲೆ ಒಳಗೆ ಬಂದು, “ಹೂಂ ಕಾಶೀಬಾಯಿ, ನಿಂದೇನವಾ? ಹೋಗ್ತೀಯೋ ಇರ್ತೀಯೋ?” ಎಂದು ಕೇಳಿದಳು. ಬಿಟ್ಟ ಕೆಲಸವನ್ನು ಬಿಟ್ಟಲ್ಲಿಂದಲೇ ಹಿಡಿದಳು, ಆ ಹೆಣ್ಣು! ಕಾಶೀಬಾಯಿ ಇರುತ್ತೇನೆಂದಳು. ಮೈಲಾರಪ್ಪ ಕೈ ಮುಗಿದು ಹೋದ.

ಆಡಿಕೊಳ್ಳುವವರ ಬಾಯಿಗೆ ಬೀಗವುಂಟೇ? ‘ಮನಿ ಮಗನ್ನ ತಿದ್ದಲಾರದಾಕಿ ಊರು ತಿದ್ದಾಕ ಹೊಂಟಿದ್ಲು’ ಎಂದರು. ‘ರಂಡಿ ಮುಂಡಿ ಕೈಲೆ ಉಡಿ ತುಂಬಿಸಿಕೊಂಡಾಳ, ಉದ್ಧಾರ ಆದಾಳೇನು’ ಎಂದೂ ಅಂದರು. ಒಂದಷ್ಟು ದಿನ ಯಾರೂ ಆ ಕಡೆ ಸುಳಿಯಲಿಲ್ಲ. ಯಂಕಣ್ಣ ಹೇಳಿದ್ದೇ ನಿಜವಾಯಿತೇನೋ, ತನ್ನಿಂದಲೇ ಬಾಗಿಲು ಮುಚ್ಚಿತೇನೋ ಎಂದು ಸತ್ಯವ್ವ ಒಳಗೊಳಗೇ ಬೆಂದಳು. ದಸರೆ ಕಳೆದ ಮೇಲೆ ಗಬ್ಬೂರಿನಿಂದ ಮೀರಾಬಿ ಎಂಬವಳು ಮಗುವನ್ನೆತ್ತಿಕೊಂಡು ಬಂದಳು. ಕಟ್ಟೆಯ ಮೇಲೆ ಕೂತು ಕೇಳಿದ್ದು ಒಂದೇ ಮಾತು: “ಸ್ವಂತ ಮಗನ್ನೂ ಹೊರಗ ಹಾಕಿದ ಅವ್ವನ ಮನಿ ಇದ ಏನ್ರಿ?”

ಸತ್ಯವ್ವ “ಹೌದವಾ, ಇದ,” ಎಂದು ಓಡಿಹೋಗಿ ನೀರು ತಂದಳು. ಅತ್ತೆಯನ್ನು ಅವಳೀಗ ‘ಅವ್ವಾ’ ಎಂದೇ ಕರೆಯುತ್ತಿದ್ದಳು. ಕೈ ನೆಟ್ಟಗಾದ ಮೇಲೆ ಉಸ್ಮಾನಸಾಬನ ಹತ್ತಿರ ಹೊಲಿಗೆ ಕಲಿತು, ಸಾಲೆಯ ಹುಡುಗಿಯರ ಲಂಗ ಜಂಪರು ಹೊಲಿದು ಸಂಸಾರ ನಡೆಸುತ್ತಿದ್ದಳು. ಬಂದ ಹೆಣ್ಣುಮಕ್ಕಳಿಗೆ ಮೊದಲ ರೊಟ್ಟಿ ಬಡಿಯುವವಳೂ ಅವಳೇ. ಅವ್ವ ಮಾತ್ರ ಸೊರಗಿದಳು. ರವಿವಾರ ಬಂದರೆ ಧಾರವಾಡದ ಬಸ್ಸಿನ ಹೊತ್ತಿಗೆ ಏನಾದರೊಂದು ನೆಪ ಮಾಡಿಕೊಂಡು ಕಟ್ಟೆಗೆ ಬರುತ್ತಿದ್ದಳು. ಸತ್ಯವ್ವ ಅದನ್ನು ಕಂಡೂ ಕಾಣದಂತಿರುತ್ತಿದ್ದಳು. ಈ ತಾಯಿಯ ಮಗನನ್ನು ನಾನು ಕಸಿದೆನೇ ಎಂಬ ಕೊರಗು ಅವಳನ್ನು ಬಿಟ್ಟಿರಲಿಲ್ಲ.

ಎರಡು ಶ್ರಾವಣ ಹೋದ ಮೇಲೆ ಒಂದು ಮಧ್ಯಾಹ್ನ ಯಂಕಣ್ಣ ಬಂದ. ಸಂಗಡ ಇಬ್ಬರು ಹಿರಿಯರಿದ್ದರು. ಕೂದಲು ಅಲ್ಲಲ್ಲಿ ಬೆಳ್ಳಗಾಗಿ, ಅಂಗಿಯ ಕಾಲರು ಸವೆದಿತ್ತು. ಒಳಗೆ ಬರಲಿಲ್ಲ, ಕಟ್ಟೆಯ ಕೆಳಗೆ ನಿಂತ.

“ತಪ್ಪಾತು,” ಎಂದ ತಲೆ ತಗ್ಗಿಸಿ. “ಒಬ್ಬಾಂವ ಇದ್ದು ಇದ್ದು ತಿಳೀತು. ಸತ್ಯವ್ವನ್ನ ಕಳಿಸಿಕೊಡ್ರಿ. ಇನ್ನ ಕೈ ಎತ್ತೂದಿಲ್ಲ.”

ಸಾವಂತ್ರೆವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಮಗನನ್ನು ಕಣ್ತುಂಬ ನೋಡಿದಳು. ಆಮೇಲೆ ಸಟ್ಟನೆ ಗೋಡೆಯ ಕಡೆಗೆ ಮುಖ ತಿರುಗಿಸಿ ಕೂತಳು.

“ನನ್ನ ಮಾರಿ ನೋಡಬ್ಯಾಡ ಸತ್ಯವ್ವಾ,” ಎಂದಳು. “ನನ್ನ ಮಾರಿ ನೋಡಿ ನೀ ಏನೂ ಹೇಳಬ್ಯಾಡ. ನಿನ್ನ ಮನಸಿನಾಗಿಂದು ಹೇಳು.”

ಸತ್ಯವ್ವನ ಕಣ್ಣು ತುಂಬಿ ಬಂತು. ಹೂಂ ಎಂದರೆ ಈ ಮುದುಕಿಗೆ ಮಗ ಸಿಗುತ್ತಾನೆ... ಇಷ್ಟು ಮಾಡಿದ ತಾಯಿಗೆ ಅದೊಂದು ಕೊಡಲಾರೆನೇ? ನಾಲಿಗೆಯ ತುದಿಗೆ ‘ಬರತೇನಿ’ ಬಂದಿತ್ತು. ಆದರೆ ಹಾಗೆಂದರೆ ಗೋಡೆಗೆ ಮುಖ ತಿರುಗಿಸಿ ಕೂತವಳ ಆ ತ್ಯಾಗ ಮಣ್ಣುಪಾಲಾಗುತ್ತದೆ. ಅವಳು ಕಟ್ಟೆಯ ಅಂಚಿಗೆ ಬಂದು ನಿಂತಳು.

“ನಾ ಬರೂದಿಲ್ರಿ,” ಎಂದಳು. “ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಆದ್ರ ನಿಮ್ಮ ಕಾಲಸಪ್ಪಳ ಕೇಳಿದ್ರ ಈಗೂ ನನ್ನ ಎದಿ ನಡಗತೈತಿ. ಹಂಗ ನಡಗಕೊಂತ ನಾ ಬಾಳೂದಿಲ್ಲ. ನನ್ನ ಮಾತು ಮುಗೀತು. ತಾಯಿ ಮಗಂದು ನಿಮ್ಮಿಬ್ಬರಿಗೆ ಬಿಟ್ಟದ್ದು.”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಯಂಕಣ್ಣ ಕೈ ಮುಗಿದು, ತಿರುಗಿ ನಾಲ್ಕು ಹೆಜ್ಜೆ ಹಾಕಿದ್ದ.

“ಯಂಕಣ್ಣಾ,” ಎಂದಳು ತಾಯಿ, ಗೋಡೆಯ ಕಡೆಯಿಂದಲೇ. “ಉಂಡೀಯೇನು?”

ಅವನು ಅಲ್ಲೇ ನಿಂತ. ಬೆನ್ನು ಅಲುಗಿತು. ಇಲ್ಲವೆಂದು ತಲೆಯಾಡಿಸಿದ. ಹಿರಿಯರು ಮೆಲ್ಲಗೆ ಹೊರಟುಹೋದರು. ಅವನು ಮೆಟ್ಟಿಲು ಹತ್ತಿ ಹೊಸ್ತಿಲಿಗೆ ಬಂದಾಗ ಸಾವಂತ್ರೆವ್ವ ಎದ್ದು ಅಡ್ಡ ನಿಂತಳು.

“ಒಳಗ ಬ್ಯಾಡ. ಅಂಜಿದ ಹೆಣ್ಣಮಕ್ಕಳು ಅದಾರ ಒಳಗ. ನೀ ಕಟ್ಟಿ ಮ್ಯಾಲೆ ಕೂಡು, ನಾನ ಹೊರಗ ಬರತೇನಿ.”

ಎರಡು ತಾಟು ಬಡಿಸಿಕೊಟ್ಟವಳು ಸತ್ಯವ್ವ. ಬಿಸಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಸಾವಂತ್ರೆವ್ವ ಎರಡನ್ನೂ ಹೊತ್ತು ಹೊರಗೆ ಹೋಗಿ, ಬಿಸಿಲು ಬಿದ್ದ ಕಟ್ಟೆಯ ಮೇಲೆ ಮಗನ ಎದುರು ಕೂತಳು. ಅವನು ರೊಟ್ಟಿ ಮುರಿಯುತ್ತ ಅಳುತ್ತಿದ್ದ. ಅವಳು ಕಣ್ಣೊರೆಸಿಕೊಳ್ಳುತ್ತ ಅವನ ತಾಟಿಗೆ ತನ್ನ ರೊಟ್ಟಿ ಹಾಕುತ್ತಿದ್ದಳು.

ಹಿಂದಿನ ದಿನವಷ್ಟೇ ಬಂದಿದ್ದ ಶಮೀಮ ಎಂಬ ಹುಡುಗಿ ಅಡಿಗೆಮನೆಯ ಬಾಗಿಲ ಮರೆಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಗಂಡಸಿನ ದನಿ ಕೇಳಿದಾಗಿನಿಂದ ಅವಳ ಮೈ ಹಿಡಿಯಾಗಿತ್ತು.

“ಯಾರ್ರಿ ಅಕ್ಕಾ ಅಂವ? ನಿಮ್ಮ ಮನಿಯವರೇನ್ರಿ?”

ಸತ್ಯವ್ವ ಒಲೆಯ ಮೇಲಿನ ರೊಟ್ಟಿ ತಿರುವಿದಳು.

“ಅಲ್ಲವಾ,” ಎಂದಳು. “ನಮ್ಮವ್ವನ ಮಗ.”